ತೊಟ್ಟಿಲ ಕೆಳಗಿನ ಮಣೆ

ಸೊಸೆ ಲೋಹಿತಾ ಐದು ತಿಂಗಳ ಕೂಸನ್ನು ಎತ್ತಿಕೊಂಡು ಕೊರಟಗೆರೆಯ ತವರಿನಿಂದ ಸಿರಾಕ್ಕೆ ವಾಪಸು ಬಂದ ದಿನ, ಶಂಕರಲಿಂಗಪ್ಪನವರ ಮನೆಯ ಬಾಗಿಲಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದವು. ಅತ್ತೆ ಸರ್ವಮಂಗಳಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರ ತಲೆಯ ಮೇಲುಗಡೆ ಹಬೀಬ್ ಸಾಬರು ಸ್ಟೂಲು ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಮೊಳೆಗೆ ತೂಗುಹಾಕಬೇಕಾಗಿದ್ದ ಹಲಗೆಯ ಮೇಲೆ ‘ಸಿರಾ ಸೀಮೆ ಇತಿಹಾಸ ಸಂಘ – ಪರಂಪರೆಯ ಮನೆ’ ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಮೊಳೆಯ ಏಟಿಗೆ ಗೋಡೆಯ ಮಣ್ಣು ಉದುರಿ ಆರತಿ ನೀರಿಗೆ ಬಿತ್ತು. ಸರ್ವಮಂಗಳಮ್ಮ ಒಳಗೆ ಹೋಗಿ ಬೇರೆ ನೀರು ಕಲೆಸಿಕೊಂಡು ಬರುವ ತನಕ ಕೂಸು ಬಿಸಿಲಲ್ಲೇ ಇತ್ತು.

ಶಂಕರಲಿಂಗಪ್ಪನವರು ಪೇಟೆಯಲ್ಲಿ ಕಡಲೆಕಾಯಿ ಮಂಡಿ ನಡೆಸಿ, ವಯಸ್ಸಾದ ಮೇಲೆ ಮುಚ್ಚಿದವರು. ಮಂಡಿ ಮುಚ್ಚಿದ ಮನುಷ್ಯನಿಗೆ ಏನಾದರೂ ಒಂದು ಹಿಡಿಯಬೇಕಲ್ಲ, ಅವರಿಗೆ ಇತಿಹಾಸ ಹಿಡಿಯಿತು. ಕಣ್ಣೆದುರಿಗೇ ಬೀದಿಯ ಮಾಳಿಗೆ ಮನೆಗಳೆಲ್ಲ ಒಂದೊಂದಾಗಿ ನೆಲಸಮವಾಗಿ ಕಾಂಪ್ಲೆಕ್ಸುಗಳಾಗಿದ್ದವು. ಕೆತ್ತನೆಯ ಬಾಗಿಲುಗಳು ಲಾರಿ ಹತ್ತಿ ಯಾವುದೋ ಊರಿನ ಹೋಟೆಲಿಗೆ ಹೋಗಿದ್ದವು. ನೋಡಿ ನೋಡಿ ಹೊಟ್ಟೆ ಉರಿದು, ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾಗಿದ್ದ ಗೆಳೆಯ ಹಬೀಬ್ ಸಾಬರನ್ನು ಕಾರ್ಯದರ್ಶಿ ಮಾಡಿಕೊಂಡು ಸಂಘ ಕಟ್ಟಿದರು. ಕೋಟೆ ಕಂದಕದ ಮುಳ್ಳು ಕಡಿಸಿದ್ದು, ಹಳೆಯ ಬಾವಿಯೊಂದರ ಹೂಳು ತೆಗೆಸಿದ್ದು ಆ ಸಂಘವೇ. ಊರಿಗೆ ಬೇಕಾದ ಕೆಲಸ, ಅಲ್ಲವೆನ್ನುವವರು ಯಾರೂ ಇಲ್ಲ. ಆದರೆ ಸಂಘಕ್ಕೆ ಒಂದು ಮೊದಲ ನಿಯಮವಿತ್ತು, ಅದನ್ನು ಮಾಡಿದವರೂ ಶಂಕರಲಿಂಗಪ್ಪನವರೇ: ಹಳೆಯದರಲ್ಲಿ ಒಂದು ಹಿಡಿಯನ್ನೂ ಆಚೆ ಹಾಕಬಾರದು. ಬಾವಿಯ ಹೂಳಿಗೆ ಈ ನಿಯಮದಿಂದ ವಿನಾಯಿತಿ ಸಿಕ್ಕಿತು. ಅವರ ಸ್ವಂತ ಮನೆಗೆ ಸಿಗಲಿಲ್ಲ.

ಆರತಿ ಮುಗಿದು ಒಳಗೆ ಬಂದ ಕೂಡಲೇ ಮಾವನವರು ಸೊಸೆಗೆ ನಡುಮನೆಯ ತೊಲೆಯನ್ನು ತೋರಿಸಿದರು. ಎರಡು ಗೋಡೆಗಳ ನಡುವೆ ಅಡ್ಡಲಾಗಿ ಮಲಗಿದ್ದ ಭಾರಿ ಮರ ಅದು. ಅದರ ಮೇಲೆ ಜಂತೆಗಳು, ಜಂತೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಾಳಿಗೆಯ ಮಣ್ಣು. ತೊಲೆಗೆ ಹೊಡೆದ ಎರಡು ಕಬ್ಬಿಣದ ಕೊಂಡಿಗಳಿಗೆ ಅವರ ಅಜ್ಜನ ತೊಟ್ಟಿಲು ಕಟ್ಟಿದ್ದರಂತೆ, ಅಪ್ಪನದು ಕಟ್ಟಿದ್ದರಂತೆ, ಅವರದು, ಆಮೇಲೆ ಮಗ ಬಸವೇಶನದು.

“ನಮ್ ಹೊನ್ನಿದೂ ಇಲ್ಲೇ ಕಣಮ್ಮ,” ಎಂದರು. ಹೇಳುವಾಗ ಕಣ್ಣು ತುಂಬಿತ್ತು. ಮೊಮ್ಮಗಳಿಗೆ ಹೊನ್ನಾಂಬೆ ಎಂದು ತಮ್ಮ ಅಜ್ಜಿಯ ಹೆಸರಿಟ್ಟವರು ಅವರೇ.

ಲೋಹಿತಾ ಹಗ್ಗವನ್ನು ಕೊಂಡಿಗಳಲ್ಲಿ ತೂರಿಸಿ ತೊಟ್ಟಿಲು ಕಟ್ಟಿದಳು. ಗಂಟನ್ನು ತನ್ನ ತಾಯಿ ಹಾಕುವ ಹಾಗೆಯೇ ಹಾಕಿದಳು: ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಗಿಸಿ, ದೃಷ್ಟಿಯಾಗದಿರಲೆಂದು ಕೆಂಪು ಬಟ್ಟೆಯ ಚೂರೊಂದನ್ನು ಬಿಗಿದಳು. ಪಕ್ಕದಲ್ಲಿ ಊಟದ ಮಣೆ ಹಾಕಿಕೊಂಡು ಕೂತು ತೂಗುವುದು, ಕೂಸು ಮಲಗಿದ ಮೇಲೆ ಎದ್ದು ಮಣೆಯನ್ನು ಕಾಲಿನಿಂದಲೇ ತೊಟ್ಟಿಲ ಕೆಳಕ್ಕೆ ತಳ್ಳಿ ಅಡುಗೆಮನೆಗೆ ಹೋಗುವುದು ಅವಳಿಗೆ ರೂಢಿಯಾಯಿತು.

ಮಳೆಗಾಲಕ್ಕೆ ಮುಂಚೆ ಬುಕ್ಕಾಪಟ್ಟಣದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಚೌಳು ಮಣ್ಣು ಬಂತು. ಮಾಳಿಗೆಯ ಮೇಲೆ ಅದನ್ನು ಹರಡಿ ಬಡಿದರೆ, ಮಳೆ ಬಿದ್ದಾಗ ಗಚ್ಚಿನಂತೆ ಕೂತು ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಆರ್‌ಸಿಸಿ ಮನೆಯಲ್ಲಿ ಬೆಳೆದ ಲೋಹಿತಾ ಇದನ್ನೆಲ್ಲ ಬೆರಗಿನಿಂದ ನೋಡಿದಳು. ಆಳುಗಳು ಮಂಕರಿ ಹೊತ್ತು ಹಿತ್ತಲ ಕಡೆಯ ಕಲ್ಲು ಮೆಟ್ಟಿಲು ಹತ್ತುತ್ತಿರುವಾಗ ಸರ್ವಮಂಗಳಮ್ಮ ಗಂಡನ ಹತ್ತಿರ ಬಂದು ನಿಂತರು.

“ಮೇಲಿಂದು ಹಳೇ ಮಣ್ಣು ಕೆರೆಸಿ ಆಮೇಲೆ ಹಾಕ್ಸಿ ಅಂದ್ರೆ. ಮಾವನೋರ ಕಾಲ್ದಲ್ಲಿ ಹಂಗೇ ತಾನೆ ಮಾಡ್ತಿದ್ದಿದ್ದು?”

“ಅದು ನಮ್ಮಪ್ಪ ಹಾಕ್ಸಿದ ಮಣ್ಣು, ನಮ್ ತಾತ ಹಾಕ್ಸಿದ ಮಣ್ಣು. ಅದನ್ನ ಕೆರೆದು ತಿಪ್ಪೆಗೆ ಸುರಿಯಾಕೆ ಸಂಘ ಕಟ್ಟಿದ್ನಾ ನಾನು?”

ಸಂಘ ಹುಟ್ಟಿದಂದಿನಿಂದ ಪ್ರತಿ ವರ್ಷವೂ ಗಂಡ ಹೆಂಡಿರ ನಡುವೆ ಇದೇ ಪ್ರಶ್ನೆ, ಇದೇ ಉತ್ತರ. ಪ್ರತಿ ವರ್ಷವೂ ಹಳೆಯದರ ಮೇಲೆಯೇ ಹೊಸದು ಬೀಳುತ್ತಿತ್ತು. ಸರ್ವಮಂಗಳಮ್ಮ ಕೆಲಸದವರಿಗೆ ಮಜ್ಜಿಗೆ ಕಲೆಸಲು ಹೋದರು.

ಮೊದಲ ಮಳೆ ಚೆನ್ನಾಗಿಯೇ ಬಂತು. ಮಾಳಿಗೆ ಒಂದು ಹನಿಯೂ ಸೋರಲಿಲ್ಲ ಎಂದು ಶಂಕರಲಿಂಗಪ್ಪನವರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಮಾರನೆಯ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು ಬಂದ ಲೋಹಿತಾ, ತೊಟ್ಟಿಲ ಬಟ್ಟೆಯ ಮೇಲೆ ಸಣ್ಣ ಮಣ್ಣು ಉದುರಿರುವುದನ್ನು ಕಂಡಳು. ಕೊಡವಿ ಹಾಸಿದಳು. ಮತ್ತೆ ಎರಡು ದಿನಕ್ಕೆ ಅವಳ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲೇ ಬರಲಿಲ್ಲ. ಆಗಾಗ ಮೇಲೆಲ್ಲೋ ಕಿರ್ರೆನ್ನುವ ಸದ್ದು ಕೇಳುತ್ತಿತ್ತು. ಹಲ್ಲಿ ಇರಬೇಕು ಎಂದು ಅತ್ತೆ ಅಂದರು. ಹಾಗೆ ಅಂದವರೇ ಒಂದು ಸಲ ಆ ಸದ್ದಿಗೆ ಬೆಚ್ಚಿ ಕೈಯಲ್ಲಿದ್ದ ಸೌಟನ್ನು ಬಿಟ್ಟರು.

ಒಂದು ಮಧ್ಯಾಹ್ನ ಕೂಸನ್ನು ಮಲಗಿಸಿ ಎದ್ದ ಲೋಹಿತಾ ಎಂದಿನಂತೆ ಮಣೆಯನ್ನು ಕಾಲಿನಿಂದ ತಳ್ಳಿದಳು. ಅದು ಒಳಗೆ ಹೋಗಲಿಲ್ಲ, ತೊಟ್ಟಿಲಿಗೆ ತಗುಲಿ ನಿಂತಿತು. ಬಗ್ಗಿ ನೋಡಿದಳು. ನೆಲಕ್ಕೂ ತೊಟ್ಟಿಲಿಗೂ ಮೊದಲಿದ್ದ ಅಂತರ ಇರಲಿಲ್ಲ. ತಲೆ ಎತ್ತಿ ತೊಲೆಯನ್ನು ನೋಡಿದಳು, ನಡುವೆ ಅದು ಕೆಳಕ್ಕೆ ಬಾಗಿತ್ತು.

ಬಸವೇಶ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್. ವಾರಪೂರ್ತಿ ಅಲ್ಲೇ ಇದ್ದು ಶನಿವಾರ ಮನೆಗೆ ಬರುತ್ತಿದ್ದ. ಆ ಶನಿವಾರ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸುತ್ತಾ ಲೋಹಿತಾ ಎಲ್ಲರೆದುರಿಗೇ ಮಾತು ತೆಗೆದಳು. ತೊಲೆ ಬಾಗಿದೆ, ತೊಟ್ಟಿಲು ಕೆಳಗಿಳಿದಿದೆ, ಒಬ್ಬ ಇಂಜಿನಿಯರನ್ನು ಕರೆಸಿ ತೋರಿಸಬೇಕು ಎಂದಳು. ಬಸವೇಶ ತಂದೆಯ ಮುಖ ನೋಡಿದ. ಮೂವತ್ತು ದಾಟಿದ ಗಂಡಸು, ಹೈಟೆನ್ಷನ್ ತಂತಿಯ ಜೊತೆ ಕೆಲಸ ಮಾಡುವವನು, ಅಪ್ಪನೆದುರು ಮಾತ್ರ ಈಗಲೂ ನಾಲಿಗೆ ಏಳುತ್ತಿರಲಿಲ್ಲ.

“ಹೊಸ ಹಗ್ಗ ಅಲ್ವಾ, ಜಗ್ಗಿರುತ್ತೆ,” ಎಂದ.

“ಹಗ್ಗ ಜಗ್ಗಿದ್ರೆ ಬಾಗ್ಲು ಯಾಕೆ ಕಚ್ಕೊಳುತ್ತೆ?”

ಶಂಕರಲಿಂಗಪ್ಪನವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ, ಸಿರಾದಲ್ಲಿ ಮಾಳಿಗೆ ಮನೆ ಕಟ್ಟಿದವರೇನು ದಡ್ಡರಲ್ಲ ಎಂದರು. ಇಂಜಿನಿಯರುಗಳಿಗೆ ಗೊತ್ತಿರುವುದು ಕೆಡವುವುದೊಂದೇ ಎಂದೂ ಸೇರಿಸಿದರು. ಆದರೆ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈತೊಳೆದುಕೊಂಡರು.

ಸೋಮವಾರ ಬಸವೇಶ ತಿರುಮಣಿಗೆ ಹೊರಟುಹೋದ. ಅವತ್ತೇ ಮಧ್ಯಾಹ್ನ ಮಣೆ ಸರಾಗವಾಗಿ ತೊಟ್ಟಿಲ ಕೆಳಗೆ ಹೋಯಿತು. ಲೋಹಿತಾ ಅದನ್ನು ಹೊರಗೆಳೆದು ಮತ್ತೆ ತಳ್ಳಿದಳು. ಮತ್ತೂ ಹೋಯಿತು. ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ಬಾಗಿದ ಮರ ತಾನಾಗಿ ನೆಟ್ಟಗಾದೀತೇ? ಎರಡು ದಿನ ಬಿಟ್ಟು ಮಣೆ ಮತ್ತೆ ಸಿಕ್ಕಿಕೊಂಡಿತು. ಅತ್ತೆಯನ್ನು ಕರೆದು ತೋರಿಸೋಣವೆಂದು ಮರುದಿನ ಬೆಳಿಗ್ಗೆ ಕೈಹಿಡಿದು ಕರೆತಂದರೆ, ಮಣೆ ಸಲೀಸಾಗಿ ಒಳಗೆ ಜಾರಿತು.

ಸರ್ವಮಂಗಳಮ್ಮ ಸೊಸೆಯ ಹಣೆ ಮುಟ್ಟಿ ನೋಡಿದರು. ಅಂದಿನಿಂದ ಅವಳಿಗೆ ತಲೆ ತುಂಬ ಹರಳೆಣ್ಣೆ, ಬೆಳ್ಳುಳ್ಳಿ ಸಾರು, ಬೇಗ ಮಲಗು ಎನ್ನುವ ಉಪಚಾರ ಶುರುವಾಯಿತು. ಪಕ್ಕದ ಮನೆಯವರ ಹತ್ತಿರ ಅತ್ತೆ ಬಾಣಂತಿ ಸನ್ನಿ ಎನ್ನುವ ಮಾತನ್ನು ಪಿಸುಗುಟ್ಟಿದ್ದು ಹಿತ್ತಲಲ್ಲಿ ಬಟ್ಟೆ ಹರಡುತ್ತಿದ್ದ ಲೋಹಿತಾಳ ಕಿವಿಗೆ ಬಿತ್ತು. ಮಾಳಿಗೆ ಬೀಳುತ್ತದೆಂಬ ಭಯ ಒಂದು ಕಡೆ, ತನ್ನ ತಲೆಯೇ ಕೆಟ್ಟಿದ್ದರೆ ಎನ್ನುವ ಭಯ ಇನ್ನೊಂದು ಕಡೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ತಾಯಿಗೆ ಫೋನು ಮಾಡಿ ಒಂದಷ್ಟು ದಿನ ಬರುತ್ತೇನೆಂದು ಅತ್ತಳು. ಹೋಗಿ ಇನ್ನೂ ತಿಂಗಳು ತುಂಬಿಲ್ಲ, ನೋಡಿದವರು ಏನಂದಾರು ಎಂದು ತಾಯಿ ತಡೆದರು.

ತೊಟ್ಟಿಲಲ್ಲಿ ಮಲಗಿಸದೆ ಕೂಸನ್ನು ಹೆಗಲ ಮೇಲೆಯೇ ಹಾಕಿಕೊಂಡು ಒಗ್ಗರಣೆ ಹಾಕಿದಳು, ರಾಗಿ ಹಿಟ್ಟು ಜರಡಿ ಹಿಡಿದಳು. ಒಂದು ದಿನ ಎಣ್ಣೆ ಸಿಡಿದು ಕೂಸಿನ ಕಾಲಿಗೆ ತಾಗುವುದರಲ್ಲಿತ್ತು. ಅತ್ತೆ ಬೈದು ಕೂಸನ್ನು ಕಿತ್ತುಕೊಂಡು ತೊಟ್ಟಿಲಿಗೆ ಹಾಕಿದರು. ಅಲ್ಲಿ ಹಾಕಿದರೂ ಹೆದರಿಕೆ, ಇಲ್ಲಿ ಎತ್ತಿಕೊಂಡರೂ ಹೆದರಿಕೆ.

ಶಾಲೆಗಳು ಶುರುವಾದ ಮೇಲೆ ಸಂಘದ ದೊಡ್ಡ ಕಾರ್ಯಕ್ರಮ ಗೊತ್ತಾಯಿತು. ಒಂದು ಪ್ರೌಢಶಾಲೆಯ ಮಕ್ಕಳು ಪರಂಪರೆಯ ಮನೆ ನೋಡಲು ಬರುವುದು, ಹಬೀಬ್ ಸಾಬರು ಬರೆದ ಹಳೆಯ ಸಿರಾದ ಚಿತ್ರಗಳನ್ನು ಪಡಸಾಲೆಯಲ್ಲಿ ನೋಡುವುದು, ಆಮೇಲೆ ಮಾಳಿಗೆ ಹತ್ತಿ ಅಲ್ಲಿಂದ ಕೋಟೆಯನ್ನೂ ಮಸೀದಿಯ ಗುಮ್ಮಟವನ್ನೂ ನೋಡುವುದು. ಲೋಹಿತಾ ಇದನ್ನು ಕೇಳಿ ಮಾವನವರ ಕಾಫಿ ಲೋಟ ಕೆಳಗಿಡುತ್ತಾ, ಮಕ್ಕಳನ್ನು ಮಾಳಿಗೆಗೆ ಹತ್ತಿಸುವುದು ಬೇಡ ಎಂದು ಮೆಲ್ಲಗೆ ಹೇಳಿದಳು. ಮಾವ ಬೈಯಲಿಲ್ಲ. ಲೋಟ ಎತ್ತಿಕೊಂಡು ಕಾಫಿ ಕುಡಿದರು.

ಮಕ್ಕಳು ಬರುವ ದಿನ ಬೆಳಿಗ್ಗೆ ಲೋಹಿತಾ ಕೂಸಿಗೆ ನೀರು ಹಾಕಲು ಬಚ್ಚಲಿಗೆ ಹೋದವಳು, ಒರೆಸುವ ಬಟ್ಟೆ ಮರೆತು ಅತ್ತೆಯ ಕೈಗೆ ಕೂಸನ್ನು ಕೊಟ್ಟು ನಡುಮನೆಗೆ ವಾಪಸು ಬಂದಳು. ಮಾವನವರು ಬರಲಿರುವ ಅತಿಥಿಗಳಿಗಾಗಿ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ತೊಟ್ಟಿಲ ಪಕ್ಕ ನಿಂತಿದ್ದರು. ಅವರ ಕೈ ಹಗ್ಗದ ಗಂಟಿನ ಮೇಲಿತ್ತು. ಗಂಟು ಬಿಚ್ಚಿ, ಹಗ್ಗವನ್ನು ಮೇಲಕ್ಕೆಳೆದು, ಮತ್ತೆ ಎರಡು ಸುತ್ತು ಸುತ್ತಿ, ಕೆಂಪು ಬಟ್ಟೆಯ ಚೂರನ್ನು ಮೊದಲಿದ್ದ ಹಾಗೆಯೇ ಬಿಗಿಯುತ್ತಿದ್ದರು. ಆಮೇಲೆ ಬಗ್ಗಿ, ಮಣೆಯನ್ನು ಕೆಳಗೆ ತಳ್ಳಿ ನೋಡಿದರು. ಹೋಯಿತು.

ಎದ್ದು ತಿರುಗಿದಾಗ ಸೊಸೆ ನಿಂತಿದ್ದಳು.

“ನೀವಾ ಮಾವ?” ಎಂದಳು.

“ನೀನು ಹೆದ್ರುಕೋಬಾರ್ದು ಅಂತ ಕಣಮ್ಮ.”

“ನಂಗೆ ತಲೆ ಕೆಟ್ಟೈತೆ ಅಂತ ಮನೇಲೆಲ್ಲ ಅಂದ್ರು. ನೀವು ಕೇಳ್ಕೊಂಡು ಸುಮ್ನಿದ್ರಿ.”

ಶಂಕರಲಿಂಗಪ್ಪನವರು ತೊಟ್ಟಿಲ ಅಂಚು ಹಿಡಿದುಕೊಂಡರು. “ನಂಗೂ ಭಯನೇ. ಮೊದ್ಲು ನೋಡಿದ್ದೇ ನಾನು. ದಿನಾ ಬೆಳಗಾಗ ಎದ್ದು ನೋಡ್ತೀನಿ. ಕೆಡವ್ಬೇಕು ಅಂತಾರೆ ಅಂದ್ಕೊಂಡ್ರೆ ಎದೆ ಒಡ್ದೋಗುತ್ತೆ. ಇವತ್ತೊಂದು ದಿನ ಕಳೀಲಿ, ಲೋಹಿತಾ. ನಾಳೇನೇ ಏನಾದ್ರೂ ಮಾಡಣ.”

ಅವಳಿಗೆ ಅಳು ಬಂತೋ ಸಿಟ್ಟು ಬಂತೋ ಅವಳಿಗೇ ತಿಳಿಯಲಿಲ್ಲ. ತನ್ನ ತಲೆ ಸರಿಯಾಗಿಯೇ ಇದೆ ಎನ್ನುವ ನೆಮ್ಮದಿ ಒಂದು ಕ್ಷಣ ಬಂದು, ಹಾಗಾದರೆ ಮಾಳಿಗೆ ಬೀಳುವುದೇ ನಿಜ ಎನ್ನುವುದು ಅದರ ಹಿಂದೆಯೇ ಬಂತು. ಅಷ್ಟರಲ್ಲಿ ಹಿತ್ತಲ ಕಡೆ ಗಲಾಟೆ ಕೇಳಿಸಿತು. ಮಕ್ಕಳು ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದರು. ಹಬೀಬ್ ಸಾಬರು ಪಡಸಾಲೆಯಲ್ಲಿ ಚಿತ್ರಗಳಿಗೆ ಇನ್ನೂ ದಾರ ಕಟ್ಟುತ್ತಿದ್ದುದರಿಂದ, ಅಲ್ಲಿಯ ತನಕ ಮಾಳಿಗೆ ನೋಡಿಬರಲಿ ಎಂದು ಜೊತೆಗೆ ಬಂದಿದ್ದ ಶಾಲೆಯ ಮೇಷ್ಟರು ಅವರನ್ನು ಕಲ್ಲು ಮೆಟ್ಟಿಲಿನ ಕಡೆ ಕಳಿಸಿಬಿಟ್ಟಿದ್ದರು.

ನೆತ್ತಿಯ ಮೇಲೆ ಧಡಧಡ ಹೆಜ್ಜೆ ಸದ್ದು ಕೇಳಿತು. ತೊಲೆ ಕಿರ್ರೆಂದಿತು. ಜಂತೆಗಳ ಸಂದಿಯಿಂದ ಮಣ್ಣು ಸಣ್ಣಗೆ ಸುರಿದು ಖಾಲಿ ತೊಟ್ಟಿಲಿನೊಳಗೆ ಬಿತ್ತು. ಮಾವ ಸೊಸೆ ಇಬ್ಬರೂ ತಲೆ ಎತ್ತಿ ನಿಂತರು.

“ಮಕ್ಳನ್ನ ಇಳ್ಸಿ ಮಾವ,” ಎಂದಳು ಲೋಹಿತಾ. “ಇಲ್ದಿದ್ರೆ ಈ ಗಂಟು ಯಾರು ಹಾಕಿದ್ದು ಅಂತ ನಾನೇ ಹೊರಗೋಗಿ ಎಲ್ರಿಗೂ ಹೇಳ್ತೀನಿ.”

ಅವರು ಹೊರಟರು. ಪಂಚೆ ಕಾಲಿಗೆ ತೊಡರಿಕೊಂಡರೂ ನಿಲ್ಲದೆ ಹಿತ್ತಲಿಗೆ ಹೋಗಿ, ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಮಕ್ಕಳು ಮಾಳಿಗೆಯ ನಡುವೆಯೇ ಗುಂಪಾಗಿ ನಿಂತು ಗುಮ್ಮಟದ ಕಡೆ ಕೈ ತೋರಿಸುತ್ತಿದ್ದವು. ಕೂಗಿದರೆ ಓಡುತ್ತವೆ, ಓಡಿದರೆ ಕುಸಿಯುತ್ತದೆ. ಮಂಡಿಯಲ್ಲಿ ಅರ್ಧ ಪೇಟೆಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ, ಕೂಸನ್ನು ರಮಿಸುವ ದನಿಯಲ್ಲಿ ಮಾತಾಡಿದರು.

“ಯಾರೂ ಓಡ್ಬೇಡ್ರಪ್ಪ. ಮೆಲ್ಲಗೆ ಗೋಡೆ ಮಗ್ಗುಲಿಗೆ ಸರ್ಕೊಳ್ಳಿ. ಒಬ್ಬೊಬ್ರೇ ಇಳೀರಿ. ನಗ್ಬೇಡ್ರಮ್ಮ, ನೆಗೀಬೇಡಿ.”

ಅವು ಮಕ್ಕಳು. ಒಂದು ನಕ್ಕಿತು, ಇನ್ನೊಂದು ಕುಪ್ಪಳಿಸಿತು. ಒಬ್ಬೊಬ್ಬರು ಇಳಿದು ಬಂದಾಗಲೂ ಅವರು ತೋಳು ಹಿಡಿದು ಆಚೆ ನಿಲ್ಲಿಸುತ್ತಾ ಹೋದರು. ಕೊನೆಯವಳು ಚಪ್ಪಲಿ ಬಿಟ್ಟು ಬಂದೆನೆಂದು ಅರ್ಧ ಮೆಟ್ಟಿಲಿನಿಂದ ತಿರುಗಿ ಹತ್ತಹೋದಳು. ಲೋಹಿತಾ ಓಡಿಹೋಗಿ ಅವಳನ್ನು ಸೊಂಟಕ್ಕೆ ಕೈಹಾಕಿ ಎತ್ತಿಕೊಂಡೇ ಇಳಿದಳು. ಬಚ್ಚಲಿನಿಂದ ಒದ್ದೆ ಕೂಸಿನೊಂದಿಗೆ ಬಂದ ಸರ್ವಮಂಗಳಮ್ಮ ಏನೂ ಅರ್ಥವಾಗದೆ ನಿಂತಿದ್ದರು.

ಮೇಷ್ಟರು ಬೇಸರದಿಂದ ಏನು ವಿಷಯ ಎಂದು ಕೇಳಿದರು. ಹೆಜ್ಜೇನು ಕಟ್ಟಿದೆ ಎಂದು ಸುಳ್ಳು ಹೇಳಬಹುದಿತ್ತು. ಹಬೀಬ್ ಸಾಬರು ಗೆಳೆಯನ ಮರ್ಯಾದೆ ಉಳಿಸಲು ಅಂಥದ್ದೇನನ್ನೋ ಶುರುಮಾಡಿದರು ಕೂಡ. ಶಂಕರಲಿಂಗಪ್ಪನವರು ಅವರ ಕೈ ಅದುಮಿದರು.

“ಮಾಳಿಗೆ ಬೀಳುತ್ತೆ ಮೇಷ್ಟ್ರೆ,” ಎಂದರು. “ನಂಗೆ ಗೊತ್ತಿತ್ತು.”

ಅವತ್ತು ಮಧ್ಯಾಹ್ನವೇ ಮನೆಯವರೆಲ್ಲ ಎದುರುಸಾಲಿನ ಹಬೀಬ್ ಸಾಬರ ಮನೆಯ ಮಹಡಿಗೆ ಬಂದರು. ಸಾಬರ ಹೆಂಡತಿ ಮೆಹರುನ್ನಿಸಾ ತಮ್ಮ ಸ್ಟೋರ್ ರೂಮು ಖಾಲಿ ಮಾಡಿ, ಅಡುಗೆಗೆ ಬೇರೆ ಒಲೆ, ಹೊಸ ಪಾತ್ರೆ ಇಟ್ಟುಕೊಟ್ಟರು. ತೊಟ್ಟಿಲು ಬಂತು. ಹಗ್ಗ ಬಿಚ್ಚುತ್ತಾ ತೊಲೆಯ ಕೆಳಗೆ ಹೆಚ್ಚು ಹೊತ್ತು ನಿಲ್ಲುವುದು ಬೇಡವೆಂದು ಬಸವೇಶ ಅದನ್ನು ಕುಡುಗೋಲಿನಿಂದ ಕೊಯ್ದು ತೊಟ್ಟಿಲನ್ನಷ್ಟೇ ತಂದಿದ್ದ. ಸುದ್ದಿ ಕೇಳಿ ತಿರುಮಣಿಯಿಂದ ಬೈಕಿನಲ್ಲೇ ಬಂದವನು, ಹೆಂಡತಿಯ ಎದುರು ಕಣ್ಣೆತ್ತಿ ನಿಲ್ಲಲಾರದೆ ಸಾಮಾನು ಹೊತ್ತಿದ್ದೇ ಹೊತ್ತಿದ್ದು.

ಆದರೆ ಮಾಳಿಗೆ ಬೀಳಲಿಲ್ಲ. ಮರುದಿನ ಬೀಳಲಿಲ್ಲ, ಆ ವಾರವೂ ಬೀಳಲಿಲ್ಲ. ಬೀದಿಯವರು ಹೋಗುತ್ತಾ ಬರುತ್ತಾ ಇನ್ನೂ ಬಿದ್ದಿಲ್ಲವಾ ಎಂದು ಕೇಳಿ ನಗುತ್ತಿದ್ದರು. ಸೊಸೆ ಹೊಸ ಮನೆ ಬೇಕೆಂದು ಮಾಡಿದ ಆಟ ಎಂದೂ ಮಾತು ಹುಟ್ಟಿತು. ಲೋಹಿತಾ ಕಿಟಕಿಯಲ್ಲಿ ನಿಂತು ಎದುರಿನ ಮನೆಯನ್ನು ನೋಡಿದಾಗ, ಒಮ್ಮೆ ಬಿದ್ದುಹೋಗಬಾರದಾ ಎನ್ನಿಸಿ, ಹಾಗೆ ಎನ್ನಿಸಿದ್ದಕ್ಕೆ ಕಿಟಕಿ ಮುಚ್ಚಿಬಿಡುತ್ತಿದ್ದಳು. ಶಂಕರಲಿಂಗಪ್ಪನವರು ಸಾಬರ ಜಗಲಿಯ ಮೇಲೆ ದಿನವಿಡೀ ಕೂರುತ್ತಿದ್ದರು. ಒಂದು ಮಧ್ಯಾಹ್ನ ಎದ್ದು, ಒಳಗೆ ಹೋಗಿ ಒಂದು ಸಲ ನೋಡಿಬರುತ್ತೇನೆಂದು ಬೀಗದಕೈ ಹಿಡಿದು ಬೀದಿ ದಾಟಿದರು. ಸರ್ವಮಂಗಳಮ್ಮ ಊಟದ ಎಂಜಲು ಕೈಯಲ್ಲೇ ಓಡಿ ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟರು.

“ಮಣ್ಣು ಕೆರೆಸಿ ಅಂತ ವರ್ಷಾ ವರ್ಷಾ ಹೇಳ್ದೆ, ನೀವು ಕೇಳ್ಲಿಲ್ಲ. ನನ್ ಸೊಸೆ ಹೇಳಿದ್ಳು, ನಾನು ಕೇಳ್ಲಿಲ್ಲ. ಈಗ ಹೋಗೋದಾದ್ರೆ ನನ್ ದಾಟ್ಕೊಂಡು ಹೋಗಿ.”

ಅವರು ದಾಟಲಿಲ್ಲ. ಹೆಂಡತಿಯ ಕೈಹಿಡಿದು ಎಬ್ಬಿಸಿ, ಬೀದಿ ದಾಟಿಸಿ ಕರೆತಂದರು. ಸಂಜೆ ಮಳೆ ಹಿಡಿಯಿತು. ಬೆಳಿಗ್ಗೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿರುವಾಗ ಎದುರಿನಿಂದ ಮರ ಸೀಳಿದ ಸದ್ದು, ಅದರ ಹಿಂದೆಯೇ ನೆಲವೇ ಅದುರಿದ ಹಾಗೆ ಒಂದು ಗುದ್ದು ಕೇಳಿತು. ಬಾಗಿಲಿನಿಂದ ದೂಳು ಬೀದಿಗೆ ಉಕ್ಕಿತು. ದೂಳು ಅಡಗಿದ ಮೇಲೆ ನೋಡಿದರೆ ನಡುಮನೆ ಇರಲಿಲ್ಲ. ಎರಡಾಗಿ ಮುರಿದ ತೊಲೆಯ ಕೊಂಡಿಯಲ್ಲಿ ಕೊಯ್ದ ಹಗ್ಗ ಇನ್ನೂ ನೇತಾಡುತ್ತಿತ್ತು. ಅದರ ಕೆಳಗೆ ಎದೆಯೆತ್ತರ ಮಣ್ಣು, ಒಂದರ ಮೇಲೊಂದು ಪದರ ಪದರವಾಗಿ, ಸಂಘ ಹುಟ್ಟಿದಂದಿನಿಂದ ಹಾಕಿಸಿದ್ದೆಲ್ಲ ಹಾಗೇ ಕಾಣುತ್ತಿತ್ತು. ತೊಟ್ಟಿಲು ಇದ್ದ ಜಾಗ ಅದೇ. ಬೀದಿಯಲ್ಲಿ ಯಾರೂ ನಗಲಿಲ್ಲ. ಲೋಹಿತಾ ಕೂಸನ್ನು ಎದೆಗೆ ಅವಚಿಕೊಂಡು ಅಲ್ಲೇ ಕೂತಳು. ಸರ್ವಮಂಗಳಮ್ಮ ಅವಳ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ನನ್ನ ಬಾಯಿಗೆ ಹುಳ ಬೀಳ ಎಂದು ತಮ್ಮನ್ನೇ ಬೈದುಕೊಳ್ಳುತ್ತಾ ಅತ್ತರು.

ಹಬೀಬ್ ಸಾಬರು ಬಾಗಿಲ ಮುಂದೆ ಮಣ್ಣಿನಲ್ಲಿ ಬಿದ್ದಿದ್ದ ಸಂಘದ ಹಲಗೆಯನ್ನು ಎತ್ತಿ ತಂದು ಒರೆಸಿದರು, ಎಲ್ಲಿ ತೂಗುಹಾಕುವುದೆಂದು ತಿಳಿಯದೆ ತಮ್ಮ ಮಂಚದ ಕೆಳಗಿಟ್ಟರು. ಶಂಕರಲಿಂಗಪ್ಪನವರು ಅದನ್ನು ಕೇಳಲೂ ಇಲ್ಲ. ಹೊನ್ನಿಯ ತೊಟ್ಟಿಲು ಈಗ ಸಾಬರ ಮಹಡಿಯಲ್ಲಿ, ಫ್ಯಾನಿಗೆಂದು ಬಿಟ್ಟಿದ್ದ ಕಬ್ಬಿಣದ ಕೊಂಡಿಯಲ್ಲಿ ತೂಗುತ್ತಿದೆ. ಮೇಲಿರುವುದು ಸಿಮೆಂಟು ಕಾಂಕ್ರೀಟು. ಬಸವೇಶ ಅದನ್ನು ಹತ್ತಾರು ಸಲ ತಂದೆಗೆ ವಿವರಿಸಿದ್ದಾನೆ, ಇದು ಜಗ್ಗುವುದಿಲ್ಲ, ಬಾಗುವುದಿಲ್ಲ ಎಂದು. ಅವರು ಹೌದೆಂದು ತಲೆಯಾಡಿಸುತ್ತಾರೆ.

ಆದರೂ ದಿನಾ ಬೆಳಿಗ್ಗೆ, ಕೂಸು ಬಚ್ಚಲಿಗೆ ಹೋದ ಹೊತ್ತಿನಲ್ಲಿ ಅವರು ಒಳಗೆ ಬರುತ್ತಾರೆ. ಮಂಡಿಯೂರಿ ಕೂತು ಮಣೆಯನ್ನು ತೊಟ್ಟಿಲ ಕೆಳಕ್ಕೆ ತಳ್ಳಿ, ಹೊರಗೆಳೆದು, ಮತ್ತೆ ತಳ್ಳಿ ನೋಡುತ್ತಾರೆ. ಹಗ್ಗವನ್ನು ಮುಟ್ಟುವುದಿಲ್ಲ. ಮೊದಮೊದಲು ಲೋಹಿತಾ ಅದನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಈಗ ಬಚ್ಚಲಿಗೆ ಹೋಗುವ ಮುಂಚೆ ಅವಳೇ ಮಣೆಯನ್ನು ಒರೆಸಿ, ಅವರ ಕೈಗೆ ಸಿಗುವ ಹಾಗೆ ತೊಟ್ಟಿಲ ಪಕ್ಕ ಇಟ್ಟು ಹೋಗುತ್ತಾಳೆ.